ಸಮುದ್ರವಿಲ್ಲದ ಊರಿಗೊಂದು ಸರ್ಫ್ ಗಿಟಾರ್

ಜಯನಗರದಿಂದ ಮೂಲ್ಕಿಯ ಅಲೆಗಳಿಗೆ ಒಂದು ರಾತ್ರಿಯ ಬಸ್ ಪ್ರಯಾಣ. ಆದರೂ ನನಗೆ ಹಿಡಿದಿರೋದು ಸರ್ಫ್ ಸಂಗೀತದ ಹುಚ್ಚು. ಈ ಸಲದ ಬೋನಸ್ಸನ್ನ ಎಫ್‌ಡಿ ಮಾಡು ಅಂತಾರೆ ಅಮ್ಮ. ನನಗೋ ಜಾಜ್‌ಮಾಸ್ಟರ್ ಬೇಕು. ದುಡ್ಡು ಬಿಚ್ಚೋ ಮುಂಚೆ ಸ್ವಲ್ಪ ಚರಿತ್ರೆ ಓದಿದೆ.

1958ರಲ್ಲಿ ಫೆಂಡರ್ ಕಂಪನಿ ಜಾಜ್‌ಮಾಸ್ಟರ್ ತಂದದ್ದು, ಹೆಸರೇ ಹೇಳುವಂತೆ, ಜಾಜ್ ವಾದಕರಿಗಾಗಿ. ಅವರು ಅಷ್ಟಾಗಿ ಮೂಸಲಿಲ್ಲ. ಕ್ಯಾಲಿಫೋರ್ನಿಯಾ ಕಡಲತೀರದ ಹುಡುಗರು ಎತ್ತಿಕೊಂಡರು. 1962ರಲ್ಲಿ ಜಾಗ್ವಾರ್ ಬಂತು. ಎರಡರ ಬ್ರಿಜ್ಜೂ ಆ ಕಾಲದ ದಪ್ಪ ತಂತಿಗೆ ಮಾಡಿದ್ದು. ಈಗಿನ ತೆಳು ತಂತಿ ಹಾಕಿ ಜೋರಾಗಿ ಮೀಟಿದರೆ ಜಾಗ ಬಿಟ್ಟು ಜಾರುತ್ತೆ.

ಆದರೆ ಸರ್ಫ್ ಗಿಟಾರಿನ ರಾಜ ಡಿಕ್ ಡೇಲ್ ನುಡಿಸಿದ್ದು 1954ರಲ್ಲಿ ಬಂದ ಸ್ಟ್ರಾಟೊಕಾಸ್ಟರ್. ಎಡಗೈ ವಾದಕ, ತಂತಿಗಳೆಲ್ಲ ತಲೆಕೆಳಗು! ಇನ್ನು ಆ ಒದ್ದೆ ಒದ್ದೆ ಸದ್ದು ಗಿಟಾರಿನದ್ದೇ ಅಲ್ಲ. 1961ರಲ್ಲಿ ಫೆಂಡರ್ ಬೇರೆಯಾಗಿ ಮಾರಿದ ರಿವರ್ಬ್ ಪೆಟ್ಟಿಗೆಯೊಳಗಿನ ಸ್ಪ್ರಿಂಗುಗಳದ್ದು.

ಹಾಗಾಗಿ ಜಾಜ್‌ಮಾಸ್ಟರ್ ಆಸೆ ಬಿಟ್ಟೆ. ಅಗ್ಗದ ಸ್ಟ್ರಾಟ್ ಮಾದರಿ, ದಪ್ಪ ತಂತಿ, ಒಂದು ರಿವರ್ಬ್ ಪೆಡಲ್ ತಗೊಂಡೆ, ಉಳಿದದ್ದು ಎಫ್‌ಡಿಗೆ.

ಮೊದಲು ಕಲಿತದ್ದು ಡೇಲ್ 1962ರಲ್ಲಿ ನುಡಿಸಿದ ‘ಮಿಸಿರ್ಲೂ’. ಅವನ ತಂದೆಯ ಕಡೆಯವರು ಲೆಬನಾನಿನವರು. ಧಾಟಿಯೂ ಪೂರ್ವ ಮೆಡಿಟರೇನಿಯನ್ ಕಡೆಯದು. ಅಡುಗೆಮನೆಯಿಂದ ಅಮ್ಮ ಕೂಗಿದರು: “ಮಾಯಾಮಾಳವಗೌಳ ಅಲ್ವೇನೋ ಅದು?”

ಹೌದು, ಸ್ವರಗಳು ಅವೇ. ನಮ್ಮೂರ ಪಾಠದ ಮನೆಗಳಲ್ಲಿ ಮಕ್ಕಳು ಸರಳೆ ವರಸೆ ಶುರುಮಾಡೋ ಅದೇ ರಾಗ. ಎಫ್‌ಡಿ ಮಾತು ಅವತ್ತು ಮತ್ತೆ ಬರಲಿಲ್ಲ.