ಸಾವಿನ ಲೆಕ್ಕ ಬರೆದ ಬಾಖ್

ಯೋಹಾನ್ ಸೆಬಾಸ್ಟಿಯನ್ ಬಾಖ್‌ನ ವೃತ್ತಿಜೀವನವನ್ನು ಓದುವಾಗಲೆಲ್ಲ ನನಗೆ ನಮ್ಮ ಕುಂದಾಪುರ, ಬೈಂದೂರು, ಬ್ರಹ್ಮಾವರ ಕಡೆಯ ಭಾಗವತರು ನೆನಪಾಗುತ್ತಾರೆ. ಬಯಲಾಟದಲ್ಲಿ ಭಾಗವತರನ್ನು ಮೊದಲನೇ ವೇಷ ಎನ್ನುವುದುಂಟು. ತಾಳ ಹಿಡಿದು ಹಾಡುತ್ತಲೇ ಮದ್ದಳೆ, ಚಂಡೆ, ಕುಣಿತ ಎಲ್ಲವನ್ನೂ ನಡೆಸುವವರು ಅವರೇ. ಬಾಖ್ ಕೂಡ ಹಾಗೆಯೇ, ತಾನೂ ನುಡಿಸುತ್ತ ಮೇಳ ನಡೆಸಿದವನು.

1703ರಲ್ಲಿ, ಹದಿನೆಂಟರ ಹರೆಯದಲ್ಲಿ, ಆರ್ನ್‌ಸ್ಟಾಟ್ ಊರಿನ ಚರ್ಚಿನಲ್ಲಿ ಆರ್ಗನ್ ವಾದಕನಾದ. ಎರಡು ವರ್ಷದ ಮೇಲೆ, ಬುಕ್ಸ್ಟೆಹೂಡ್ ಎಂಬ ಹಿರಿಯನ ಸಂಗೀತ ಕೇಳಲು ಸುಮಾರು 400 ಕಿಲೋಮೀಟರ್ ದೂರದ ಲ್ಯೂಬೆಕ್‌ಗೆ ನಡೆದೇ ಹೋದ. ನಾಲ್ಕು ವಾರದ ರಜೆ ನಾಲ್ಕು ತಿಂಗಳಾಯಿತು! ಆಟ ಕಾಂಬುಕೆ ಹೋದವರಿಗೆ ಇದು ಅರ್ಥವಾದೀತು. ಚರ್ಚಿನ ಹಿರಿಯರಿಗೆ ಆಗಲಿಲ್ಲ. ಮುಂದೆ ವೈಮಾರ್‌ನಲ್ಲಿ ಕೆಲಸ ಬಿಡುತ್ತೇನೆಂದು ಹಟ ಹಿಡಿದಿದ್ದಕ್ಕೆ ಸುಮಾರು ನಾಲ್ಕು ವಾರ ಸೆರೆಮನೆ. 1723ರಲ್ಲಿ ಲೈಪ್‌ಜಿಗ್‌ನ ಚರ್ಚುಗಳ ಸಂಗೀತದ ಹೊಣೆ ಸಿಕ್ಕಿತು, ಅದೂ ಟೆಲೆಮಾನ್, ಗ್ರಾಪ್ನರ್ ಇಬ್ಬರೂ ದಕ್ಕದ ಮೇಲೆ.

ನನ್ನನ್ನು ಹಿಡಿದು ನಿಲ್ಲಿಸುವುದು 1730ನೇ ಇಸವಿ. ಆ ಆಗಸ್ಟ್‌ನಲ್ಲಿ ಅವನು ನಗರಸಭೆಗೆ ಒಂದು ಮನವಿ ಬರೆದ. ಒಂದು ಮೇಳಕ್ಕೆ ಕನಿಷ್ಠ 12, ಸಾಧ್ಯವಾದರೆ 16 ಹಾಡುಗಾರರು ಬೇಕು. ವಾದಕರು 18ರಿಂದ 20. ಊರಿನ ಸಂಬಳದ ವಾದಕರು ಎಂಟೇ ಮಂದಿ. ಶಾಲೆಯ ಹುಡುಗರನ್ನು ಎಣಿಸಿ ವಿಂಗಡಿಸಿದ: 17 ಮಂದಿ ಹಾಡಬಲ್ಲರು, 20 ಮಂದಿ ಇನ್ನೂ ಕಲಿಯಬೇಕು, 17 ಮಂದಿ ಯಾವುದಕ್ಕೂ ಆಗದವರು. ಇಂಥ ಹುಡುಗರಿಂದಲೇ ವಾರವಾರ ಹೊಸ ಕೃತಿ ಹಾಡಿಸಿದ್ದವನು ಅವನು. ಅದೇ ತಿಂಗಳು ಸಭೆಯಲ್ಲಿ ಸದಸ್ಯರು ದೂರಿದ್ದು ಬಾಖ್ ಕೆಲಸ ಮಾಡುವುದಿಲ್ಲ ಎಂದು.

ಅಕ್ಟೋಬರ್ 28ರಂದು ಬಾಲ್ಯದ ಗೆಳೆಯ ಏರ್ಡ್‌ಮಾನ್‌ಗೆ ಪತ್ರ ಬರೆದು ಬೇರೆಲ್ಲಾದರೂ ಕೆಲಸ ಇದೆಯೇ ಎಂದು ಕೇಳಿದ. ಗಳಿಕೆ ವರ್ಷಕ್ಕೆ ಸುಮಾರು 700 ಥಾಲರ್. ಆದರೆ ಊರಿನ ಗಾಳಿ ಚೆನ್ನಾಗಿದ್ದರೆ ಸಾಯುವವರು ಕಡಿಮೆ, ಅಂತ್ಯಕ್ರಿಯೆಯ ಹಾಡಿನ ಹಣವೂ ಕಡಿಮೆ. ಹಿಂದಿನ ವರ್ಷ ಹಾಗೆ 100 ಥಾಲರ್‌ಗೂ ಮಿಕ್ಕಿ ಖೋತಾ ಆಯಿತಂತೆ. ನಮ್ಮ ಮಂದಾರ್ತಿ, ಮಾರಣಕಟ್ಟೆ ಮೇಳಗಳನ್ನು ಭಕ್ತರ ಹರಕೆ ಆಟ ನಡೆಸುತ್ತದೆ. ಬಾಖ್ ಮಾತ್ರ ಊರವರ ಸಾವನ್ನು ಕಾಯಬೇಕಿತ್ತು. ಇದನ್ನು ಜಿಪುಣತನವೆಂದು ನಗುವವರಿದ್ದಾರೆ. ನನಗೆ ನಗು ಬರುವುದಿಲ್ಲ, ಮನೆ ತುಂಬ ಮಕ್ಕಳಿದ್ದವನು ಅವನು.

ಬೇರೆ ಕೆಲಸ ಸಿಗಲಿಲ್ಲ. ಲೈಪ್‌ಜಿಗ್‌ನಲ್ಲೇ ಉಳಿದು 1750ರ ಜುಲೈ 28ರಂದು ತೀರಿಕೊಂಡ. ಅವನ ಜಾಗಕ್ಕೆ ಹಾರರ್ ಎಂಬಾತನನ್ನು ಹಾಡಿಸಿ ಪರೀಕ್ಷೆ ಮಾಡಿದ್ದು ಅದಕ್ಕೂ ಒಂದು ವರ್ಷ ಮೊದಲು, 1749ರ ಜೂನ್‌ನಲ್ಲಿ.