99 ಡಾಲರಿನ ಲೆಕ್ಕ

ನಮ್ಮ ಮುಲುಂಡ್ ಸೊಸೈಟಿಯಲ್ಲಿ ಗಣೇಶೋತ್ಸವಕ್ಕೆ ವರ್ಗಣಿ ಕೊಟ್ಟವರ ಪಟ್ಟಿಯನ್ನು ಲಿಫ್ಟಿನ ಪಕ್ಕ ಅಂಟಿಸುತ್ತಾರೆ. ಹೆಸರು, ಫ್ಲ್ಯಾಟ್ ನಂಬರು, ಮೊತ್ತ. ದೇವರಿಗಿಂತ ಮೊದಲು ಅದನ್ನು ನೋಡುವವರೇ ಜಾಸ್ತಿ ಬಿಡಿ! ಮೊನ್ನೆ ಅದರ ಮುಂದೆ ನಿಂತಿದ್ದಾಗ ಕ್ಯಾಲಿಫೋರ್ನಿಯಾದ ಇನ್ನೊಂದು ಪಟ್ಟಿ ನೆನಪಾಯಿತು.

2008ರ ಮೇ ತಿಂಗಳಲ್ಲಿ ಅಲ್ಲಿನ ರಾಜ್ಯ ಸುಪ್ರೀಂ ಕೋರ್ಟು ಸಲಿಂಗಿಗಳೂ ಮದುವೆಯಾಗಬಹುದು ಎಂದು ತೀರ್ಪು ಕೊಟ್ಟಿತು. ವಿರೋಧಿಗಳು ಪ್ರೊಪೊಸಿಷನ್ 8 ಎಂಬ ಸಂವಿಧಾನ ತಿದ್ದುಪಡಿಯನ್ನು ಜನಮತಕ್ಕೆ ಹಾಕಿದರು. ನವೆಂಬರ್ 4ರಂದು, ಒಬಾಮ ಗೆದ್ದ ದಿನವೇ, ಶೇ. 52 ಮತ ಪಡೆದು ಅದೂ ಗೆದ್ದಿತು. ಎರಡೂ ಕಡೆ ಸೇರಿ ಎಂಟು ಕೋಟಿ ಡಾಲರಿಗೂ ಮೀರಿದ ಖರ್ಚು.

ಜಗಳ ನಿಜವಾಗಿ ಜೋರಾದದ್ದು ಮತ ಎಣಿಸಿದ ಮೇಲೆ. ವಾಟರ್‌ಗೇಟ್ ಹಗರಣದ ಬಿಸಿಯಲ್ಲಿ, 1974ರಲ್ಲಿ, ಬಂದ ಕಾನೂನಿನಂತೆ 100 ಡಾಲರ್ ಅಥವಾ ಹೆಚ್ಚು ಕೊಟ್ಟವರ ಹೆಸರು, ಉದ್ಯೋಗ, ಕೆಲಸ ಮಾಡುವ ಕಂಪನಿ ಎಲ್ಲವೂ ಬಹಿರಂಗ. ಯಾರೋ ಅದನ್ನು ಗೂಗಲ್ ನಕ್ಷೆಯ ಮೇಲೆ ಚುಕ್ಕಿ ಚುಕ್ಕಿಯಾಗಿ ಇಟ್ಟರು. ಸ್ಯಾಕ್ರಮೆಂಟೊದ ನಾಟಕ ಸಂಸ್ಥೆಯೊಂದರ ಕಲಾ ನಿರ್ದೇಶಕರು 1,000 ಡಾಲರ್ ಕೊಟ್ಟಿದ್ದಕ್ಕೆ ರಾಜೀನಾಮೆ ಕೊಡಬೇಕಾಯಿತು. ಲಾಸ್ ಏಂಜಲೀಸಿನ ಒಂದು ಹೋಟೆಲಿನ ಮುಂದೆ ಪ್ರತಿಭಟನೆ. ಅಲ್ಲಿನ ಮ್ಯಾನೇಜರ್ ಕೊಟ್ಟಿದ್ದು ಬರೀ ನೂರು.

ತಿದ್ದುಪಡಿಯ ಪರ ಇದ್ದವರು 2009ರ ಜನವರಿಯಲ್ಲಿ ಫೆಡರಲ್ ಕೋರ್ಟಿಗೆ ಹೋದರು: ನಮ್ಮ ದಾನಿಗಳ ಹೆಸರು ಮುಚ್ಚಿ. ಅವರು ಆಸರೆ ಪಡೆದ ತೀರ್ಪು ನೋಡಿ: 1958ರಲ್ಲಿ ಅಲಬಾಮ ರಾಜ್ಯ ಕರಿಯರ ಹಕ್ಕಿನ ಸಂಘಟನೆಯಾದ ಎನ್‌ಎಎಸಿಪಿಯ ಸದಸ್ಯರ ಪಟ್ಟಿ ಕೇಳಿದಾಗ ಸುಪ್ರೀಂ ಕೋರ್ಟು ಕೊಡಬೇಕಿಲ್ಲ ಎಂದಿತ್ತು. ಆದರೆ ಈ ಸಲ ನ್ಯಾಯಾಧೀಶರು ಒಪ್ಪಲಿಲ್ಲ. ಇವರೇ 2008ರ ಅಕ್ಟೋಬರಿನಲ್ಲಿ ಎದುರು ಪಾಳಯಕ್ಕೆ ಹಣ ಕೊಟ್ಟ ಕಂಪನಿಗಳಿಗೆ ಪತ್ರ ಬರೆದು, ನಮಗೂ ಅಷ್ಟೇ ಕೊಡಿ, ಇಲ್ಲದಿದ್ದರೆ ನಿಮ್ಮ ಹೆಸರು ಪ್ರಕಟಿಸುತ್ತೇವೆ ಎಂದಿದ್ದರಲ್ಲ! ಪಟ್ಟಿ ಎರಡೂ ಕಡೆಯವರ ಕೈಯ ಕತ್ತಿ.

ವಾಷಿಂಗ್ಟನ್ ರಾಜ್ಯದಲ್ಲೂ ಇದೇ ಕಥೆ, ಅಲ್ಲಿ ಅರ್ಜಿಗೆ ಸಹಿ ಹಾಕಿದವರ ಹೆಸರಿನ ಪ್ರಶ್ನೆ. 2010ರಲ್ಲಿ ಸುಪ್ರೀಂ ಕೋರ್ಟು 8-1ರಿಂದ ಬಹಿರಂಗಪಡಿಸುವುದು ಸಾಮಾನ್ಯವಾಗಿ ಸರಿ ಎಂದಿತು. ಬೆದರಿಕೆ ಸಾಬೀತು ಮಾಡಿದವರಿಗೆ ರಿಯಾಯಿತಿ ಸಾಧ್ಯ ಅಂತಲೂ ಹೇಳಿತು. ಕನ್ಸರ್ವೇಟಿವ್ ನ್ಯಾಯಮೂರ್ತಿ ಸ್ಕಾಲಿಯ ಅವರೇ ಪ್ರಜಾಪ್ರಭುತ್ವಕ್ಕೆ ಎದೆಗಾರಿಕೆ ಬೇಕು ಎಂಬರ್ಥದಲ್ಲಿ ಬರೆದರು. 2014ರಲ್ಲಿ, ಜಾವಾಸ್ಕ್ರಿಪ್ಟ್ ಕಂಡುಹಿಡಿದ ಬ್ರೆಂಡನ್ ಐಕ್ ಹಳೆಯ 1,000 ಡಾಲರ್ ದೇಣಿಗೆಯಿಂದಾಗಿ ಮೊಜಿಲ್ಲಾದ ಮುಖ್ಯಸ್ಥರಾದ ಹತ್ತೇ ದಿನಕ್ಕೆ ಇಳಿದರು. ಮರುವರ್ಷ ಸಲಿಂಗ ಮದುವೆ ಇಡೀ ಅಮೆರಿಕದಲ್ಲಿ ಕಾನೂನುಬದ್ಧವಾಯಿತು.

ನಾನು ಬ್ಯಾಂಕಿಗೆ ಸೇರಿದ ದಿನ ಸಹಿ ಹಾಕಿದ್ದು ಗ್ರಾಹಕರ ಗುಟ್ಟು ಕಾಯುತ್ತೇನೆಂಬ ಪತ್ರಕ್ಕೆ. ಆದರೂ 2024ರ ಫೆಬ್ರವರಿ 15ರಂದು ನಮ್ಮ ಸುಪ್ರೀಂ ಕೋರ್ಟು ಚುನಾವಣಾ ಬಾಂಡ್ ರದ್ದುಮಾಡಿ ಕೊಂಡವರ ಹೆಸರು ಹೊರಗಿಡಿ ಎಂದಾಗ ಖುಷಿಪಟ್ಟವನು ನಾನೇ. ಕೋಟಿಗಟ್ಟಲೆ ಕೊಡುವ ಕಂಪನಿಯೂ ನೂರು ಡಾಲರಿನ ಮ್ಯಾನೇಜರೂ ಒಂದೇ ಪಟ್ಟಿಯಲ್ಲಿ ನಿಲ್ಲುವುದು ಮಾತ್ರ ನನಗೆ ಒಗ್ಗುವುದಿಲ್ಲ. ಕಾನೂನುಕರ್ತರು ಆ ನೂರರ ಗೆರೆಯನ್ನು ಮೇಲೆತ್ತಬೇಕಿತ್ತು.

ಹೀಗನ್ನಲು ಸ್ವಂತ ಕಾರಣವೂ ಉಂಟು. ಸ್ಯಾನ್ ಹೊಸೆಯಲ್ಲಿರುವ ದೊಡ್ಡಮ್ಮನ ಮಗ, ಅಲ್ಲಿನ ಪೌರತ್ವ ಪಡೆದ ಒಂಟಿ ಮನುಷ್ಯ, 2008ರಲ್ಲಿ ಫೋನಿನಲ್ಲಿ ಹೇಳಿದ್ದ: "ಪ್ರೊಪೊಸಿಷನ್ ಸೋಲಲಿ ಅಂತ 99 ಡಾಲರ್ ಕೊಟ್ಟೆ ಕಣೋ." ನೂರಕ್ಕೆ ಒಂದು ಯಾಕೆ ಉಳಿಸಿದೆ ಅಣ್ಣ, ಅಂತ ನಗುತ್ತಾ ಕೇಳಿದೆ. ಅವನು ನಗಲಿಲ್ಲ. "ದಾವಣಗೆರೆಯಲ್ಲಿ ಅಮ್ಮ ಇನ್ನೂ ಇದ್ದಾಳಲ್ಲ," ಅಂದ. ಅರ್ಥವಾಗಲು ನನಗೆ ಕೆಲವು ವರ್ಷವೇ ಹಿಡಿಯಿತು.