ಎಷ್ಟು ನೋಯ್ತಿದೆ, ಪುಟ್ಟಾ?



ಮಗುವಿಗೆ ಇಂಜೆಕ್ಷನ್ ಕೊಡಿಸುವಾಗ ನಾವೆಲ್ಲ ಹೇಳುವ ಮಾತು ಒಂದೇ: "ಏನೂ ಆಗಲ್ಲ, ಇರುವೆ ಕಚ್ಚಿದ ಹಾಗೆ ಅಷ್ಟೆ." ನೋವು ಮಗುವಿನದು, ಅಳತೆ ಮಾತ್ರ ನಮ್ಮದು! ಈ ಅಭ್ಯಾಸ ಮನೆಗಳಲ್ಲಷ್ಟೇ ಅಲ್ಲ, ದೊಡ್ಡ ದೊಡ್ಡ ಆಸ್ಪತ್ರೆಗಳಲ್ಲೂ ಇತ್ತು.

ಹಸುಗೂಸಿನ ನರಗಳು ಇನ್ನೂ ಬಲಿತಿಲ್ಲ, ಅದಕ್ಕೆ ನೋವು ತಿಳಿಯದು ಎಂದು 20ನೇ ಶತಮಾನದ ಬಹುಕಾಲ ಅನೇಕ ವೈದ್ಯರು ನಂಬಿದ್ದರು. ಅರಿವಳಿಕೆ ಕೊಟ್ಟರೆ ಜೀವಕ್ಕೇ ಅಪಾಯ ಎಂಬ ಭಯವೂ ಇತ್ತು. ಹೀಗಾಗಿ ಮೈ ಅಲುಗದಂತೆ ಮಾತ್ರ ಔಷಧಿ ಕೊಟ್ಟು ಆಪರೇಷನ್ ಮಾಡಿದ್ದೂ ಉಂಟು. 1985ರಲ್ಲಿ ಅಮೆರಿಕದಲ್ಲಿ ಹೀಗೆ ಹೃದಯದ ಆಪರೇಷನ್ ಆದ, ದಿನ ತುಂಬದೆ ಹುಟ್ಟಿದ್ದ ಕೂಸೊಂದು ಕೆಲವು ವಾರಗಳಲ್ಲೇ ತೀರಿಕೊಂಡಿತು. ಆಮೇಲೆ ನಿಜ ತಿಳಿದ ತಾಯಿ ಸುಮ್ಮನೆ ಕೂರಲಿಲ್ಲ. ಅದನ್ನು ಊರಿಗೆಲ್ಲ ಕೇಳುವಂತೆ ಹೇಳಿದರು.

ಇಂದೋರ್‌ನಲ್ಲಿ ವೈದ್ಯಕೀಯ ಓದಿ ಆಕ್ಸ್‌ಫರ್ಡ್‌ಗೆ ಹೋಗಿದ್ದ ಡಾ. ಕನ್ವಲ್‌ಜೀತ್ ಆನಂದ್ ಆಗಲೇ ಇದೇ ವಿಷಯದ ಬೆನ್ನು ಹತ್ತಿದ್ದರು. ಆಪರೇಷನ್ ವೇಳೆ ನೋವಿಗೂ ಔಷಧಿ ಕೊಟ್ಟರೆ ಎಳೆಗೂಸುಗಳ ದೇಹಕ್ಕೆ ಆಘಾತ ಕಡಿಮೆ, ಚೇತರಿಕೆ ಉತ್ತಮ ಎಂದು 1987ರಲ್ಲಿ ಅವರ ಸಂಶೋಧನೆ ತೋರಿಸಿತು. ವೈದ್ಯಲೋಕ ನಿಧಾನವಾಗಿ ದಾರಿ ಬದಲಿಸಿತು.

ಮಾತು ಬರುವ ಮಕ್ಕಳ ಪಾಡೂ ಸುಲಭವಿರಲಿಲ್ಲ. ಅಮೆರಿಕದ ಟಲ್ಸಾ ನಗರದ ಆಸ್ಪತ್ರೆಯಲ್ಲಿ ಸುಟ್ಟಗಾಯದ ಮಕ್ಕಳಿಗೆ ತಮ್ಮ ನೋವನ್ನು ಅಂಕಿಯಲ್ಲಿ ಹೇಳಲು ಬರುತ್ತಿರಲಿಲ್ಲ. ನರ್ಸ್ ಡೊನ್ನಾ ವಾಂಗ್ ಮತ್ತು ಮಕ್ಕಳ ಆರೈಕೆಯ ಕಾನಿ ಬೇಕರ್ ಖಾಲಿ ವೃತ್ತಗಳನ್ನು ಕೊಟ್ಟು, ಮುಖ ಬರೆಯಿರಿ ಎಂದರು. ಆ ಚಿತ್ರಗಳಿಂದಲೇ 1983ರಲ್ಲಿ ಆರು ಮುಖಗಳ ಅಳತೆಪಟ್ಟಿ ಹುಟ್ಟಿತು. ಮೊದಲ ಮುಖದಲ್ಲಿ ನಗು, ಕೊನೆಯದರಲ್ಲಿ ಕಣ್ಣೀರು. ಆದರೆ ಜೊತೆಗೊಂದು ಸೂಚನೆ: ಅಷ್ಟು ನೋವಾಗಿದೆ ಎನ್ನಲು ಅಳುತ್ತಲೇ ಇರಬೇಕೆಂದಿಲ್ಲ.

ಹದಿನಾಲ್ಕು, ಹದಿನೈದರ ಮಕ್ಕಳಿರುವ ಮನೆಯವರು ಈ ಸೂಚನೆಯನ್ನು ನೆನಪಿಡಬೇಕು. ಅವರು ಅಳುವುದಿಲ್ಲ. "ತಲೆನೋವು" ಎಂದು ಬಾಗಿಲು ಹಾಕಿಕೊಳ್ಳುತ್ತಾರೆ. ನಾವೋ, "ಪರೀಕ್ಷೆ ಬಂತಲ್ಲ, ಅದಕ್ಕೇ ನಾಟಕ" ಎಂದುಬಿಡುತ್ತೇವೆ. ನೋವಿದೆ ಎಂದು ಹೇಳಿದವರ ಮಾತನ್ನು ಗೌರವಿಸಬೇಕು ಎಂದು ನೋವಿನ ಅಧ್ಯಯನದ ಅಂತರರಾಷ್ಟ್ರೀಯ ಸಂಘವೇ 2020ರಲ್ಲಿ ಬರೆದಿಟ್ಟಿದೆ.

ಎಲ್ಲಿ, ಯಾವಾಗಿಂದ, ಹೇಗೆ ನೋಯುತ್ತಿದೆ ಎಂದು ಕೇಳೋಣ. ಮಗು ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಉತ್ತರಿಸಿದರೆ ಆ ಒಂದು ಗಳಿಗೆ "ಕನ್ನಡದಲ್ಲಿ ಹೇಳು" ಎಂದು ತಿದ್ದುವುದು ಬೇಡ. ಮಾತಾಡುವುದೇ ಕಸುಬಾದ ನಾನೂ ಮನೆಯಲ್ಲಿ ಕೇಳುಗಳಾಗುವುದನ್ನು ಈಗ ಕಲಿಯುತ್ತಿದ್ದೇನೆ.

ಮತ್ತೆ ಸಿಗೋಣ.